ಕಾಫಿಗೆ ಸಿಹಿ ಹುಡುಕಿದ ಮೂರು ತಿಂಗಳು

ಮುಂಜಾನಿ ಕಾಫಿಗೆ ಸಕ್ಕರಿ ಹಾಕಬ್ಯಾಡ ಅಂತ ಒಬ್ಬ ಡಾಕ್ಟರ್ ಹೇಳಿದ್ರ ಸಾಕು, ಅದರ ಬದ್ಲಿ ಏನು ಹಾಕಬೇಕು ಅಂತ ಹೇಳಾಕ ಊರ ಮಂದಿ ಎಲ್ಲಾ ಎದ್ದು ಬರ್ತಾರ. ಇದು ನನ್ನೊಬ್ಬನ ಹಣೇಬರಹ ಅಲ್ಲ. ಯಾರ ಮನ್ಯಾಗರ ಕೇಳ್ರಿ, ಇಂಥಾವು ಆಗೇ ಇರ್ತಾವ, ಆಗತಾನೇ ಇರ್ತಾವ. ನನ್ನ ಪಾಲಿಗೆ ಸ್ವಲ್ಪ ಹೆಚ್ಚು ಬಂದಾವು, ಯಾಕಂದ್ರ ನಮ್ಮ ಬಳಗ ದೊಡ್ಡದು, ನನ್ನ ಬಾಯಿ ಅದಕ್ಕಿಂತ ದೊಡ್ಡದು.

ನಂದು ರಾಣೆಬೆನ್ನೂರಾಗ ಬೀಜದ ಅಂಗಡಿ. ನಮ್ಮ ಕಡೆ ಚಾದ ರಾಜ್ಯ, ಕಾಫಿ ಕೇಳಿದವನ್ನ ಮೈಯಾಗ ಆರಾಮಿಲ್ಲೇನು ಅಂತ ವಿಚಾರಿಸ್ತಾರ. ನಾನು ಹರೇದಾಗ ಚಿಕ್ಕಮಗಳೂರು ಕಡೆ ಕೆಲಸಕ್ಕ ಇದ್ದಾಗ ಈ ಚಟ ಹಚ್ಚಿಕೊಂಡೆ. ಮುಂಜಾನಿ ಒಂದು ದೊಡ್ಡ ಲೋಟ ಕಾಫಿ, ಚಮಚ ತುಂಬ ತುಂಬಿ ಸಕ್ಕರಿ. ಅದು ಒಳಗ ಹೋಗೂತನಕ ನಾನು ಯಾರ ಜೋಡಿನೂ ಮಾತಾಡಾಂವಲ್ಲ, ಮಾತಾಡಿದ್ರ ಜಗಳಾನ ಆಗ್ತದ.

೧. ಸಕ್ಕರಿ ಬಳಗ

ರಕ್ತದ ರಿಪೋರ್ಟ್ ನೋಡಿ ಡಾಕ್ಟರ್ ಕನ್ನಡಕ ಮ್ಯಾಲ ಸರಿಸಿದ್ರು. ಸಕ್ಕರಿ ಅಂಶ ಗಡಿ ಮ್ಯಾಲ ಬಂದು ನಿಂತೈತಿ, ಮೂರು ತಿಂಗಳು ಟೈಮ್ ಕೊಡ್ತೀನಿ, ಸಿಹಿ ಬಿಡ್ರಿ, ದಿನಾ ನಡೀರಿ, ಇಳದ್ರ ಚಲೋ, ಇಳೀಲಿಲ್ಲ ಅಂದ್ರ ಗುಳಗಿ ಶುರು ಮಾಡೂದ ಅಂದ್ರು. ನಮ್ಮ ಅಣ್ಣ ಇದ ಡಾಕ್ಟರ್ ಹತ್ರ ಅರ್ಧ ಗುಳಗಿಯಿಂದ ಶುರು ಮಾಡಿದ್ದ. ಈಗ ಅಂವ ಗುಳಗಿ ಚೀಲ ಹಿಡಕೊಂಡು ಮದವಿಗೆ ಹೋದ್ರ, ಆಯೇರಿ ತಂದಾನ ಅಂತ ಮಂದಿ ಕೈ ಚಾಚ್ತಾರ. ಖರೇ ಹೇಳ್ತೀನಿ, ನನಗ ಹೆದರಿಕಿ ಆಗಿತ್ತು.

ಹಂಗಾದ್ರ ಕಾಫಿಗೆ ಬೆಲ್ಲ ಹಾಕ್ಲೇನ್ರಿ ಅಂತ ಕೇಳಿದೆ. ಬೆಲ್ಲ ಅಂದ್ರ ಸಕ್ಕರಿಯ ಅಣ್ಣ ಅಂದ್ರು. ಜೇನುತುಪ್ಪ? ಅದು ಕಾಕಾನ ಮಗ. ಖರ್ಜೂರ? ಅದು ಸೋದರಮಾವನ ಮಗ, ಹಣ್ಣು ಅಂತ ಒಂದೆರಡು ತಿನ್ರಿ, ಕಾಫಿಗೆ ಬ್ಯಾಡ ಅಂದ್ರು. ಒಟ್ಟಿನಾಗ ಬಳಗದವರು ಯಾರೂ ನನಗ ಆಗಿಬರೂದಿಲ್ಲ ಅನ್ನೂದು ಡಾಕ್ಟರಿಗೂ ಗೊತ್ತಾಗಿತ್ತು.

೨. ಎಕರೆಗೆ ಎಷ್ಟು?

ಔಷಧ ಅಂಗಡಿಯಾಂವ ಒಂದು ಪುಟ್ಟ ಡಬ್ಬಿ ಕೊಟ್ಟ. ಮ್ಯಾಲ ಒತ್ತಿದ್ರ ಸಾಸಿವಿಗಿಂತ ಸ್ವಲ್ಪ ದೊಡ್ಡದೊಂದು ಬಿಳೇ ಗುಳಗಿ ಬೀಳ್ತದ, ಅಷ್ಟರಾಗ ಒಂದು ಚಮಚ ಸಕ್ಕರಿಯಷ್ಟು ಸಿಹಿ. ಅದನ್ನ ಅಂಗಡಿಗೆ ಒಯ್ದು, ಗಲ್ಲಾದ ಹಿಂದ ಕುಂತು ಕಾಫ್ಯಾಗ ಹಾಕಿದೆ. ದೇವರಗುಡ್ಡದ ಕಡೆಯಿಂದ ಪ್ರತಿ ಹಂಗಾಮಿಗೆ ನನ್ನ ಹತ್ರಾನ ಬೀಜ ಒಯ್ಯಾಂವ ಒಬ್ಬ ರೈತ ಎದುರಿಗೆ ಕುಂತಿದ್ದ. ಏನದು ಅಂತ ಕೇಳಿದ. ಸಕ್ಕರಿ ಕಾಯಿಲಿ ಗಡಿಯಾಗ ಅದೇನಿ ಅಂತ ಗಿರಾಕಿ ಮುಂದ ಹೇಳಾಕ ಮನಸ್ಸಾಗ್ಲಿಲ್ಲ. ಭಾರಿ ಪವರ್ ಮಾಲು, ಒಂದು ಕಾಳು ಸಾಕು, ಲೋಟ ಪೂರಾ ಸಿಹಿ ಆಗ್ತದ ಅಂದೆ.

ಅಂವ ಡಬ್ಬಿ ತಗೊಂಡು ತಿರುಗಿಸಿ ಮುರುಗಿಸಿ ನೋಡಿದ, ಮೂಸಿದ, ಒಂದು ಗುಳಗಿ ಅಂಗೈಯಾಗ ಹಾಕ್ಕೊಂಡು ಉರುಳಿಸಿದ. ನಾನು ಬೀಜ ಕೊಟ್ಟಾಗ ಹೆಂಗ ನೋಡ್ತಾನೋ ಹಂಗ ನೋಡಿದ. ಆಮ್ಯಾಲ ಕುರ್ಚಿ ಮುಂದ ಎಳಕೊಂಡು ಮೆಲ್ಲಕ ಕೇಳಿದ, "ಇದನ್ನ ಕಬ್ಬಿನ ಬುಡಕ್ಕ ಹಾಕಿದ್ರ ಎಕರೆಗೆ ಎಷ್ಟು ಹಿಡೀತದ್ರಿ?"

ಆ ಗುಳಗಿ ಕಾಫಿ ಕುಡದ ಮ್ಯಾಲ ನಾಲಿಗಿ ಮ್ಯಾಲ ಮಧ್ಯಾಹ್ನತನಕ ಏನೋ ಕಹಿ ಕುಂತಿರ್ತಿತ್ತು. ಡಬ್ಬಿ ಅವಂಗ ಕೊಟ್ಟುಬಿಟ್ಟೆ. ಕಬ್ಬಿಗೆ ಹಾಕಿದ್ನೋ ಇಲ್ಲೋ ಗೊತ್ತಿಲ್ಲ, ನಾನೂ ಕೇಳಲಿಲ್ಲ.

೩. ತುಪ್ಪ ಒಂದು ಕಡಿಮಿ

ನಮ್ಮ ಅಂಗಡಿ ಬಗಲಿಗೆ ಬಟ್ಟಿ ಅಂಗಡಿ ಚಾಚಾ ಅದಾರ. ನನ್ನ ಸುದ್ದಿ ಕೇಳಿ, ಅರೆ ಭಾಯಿ, ಅದಕ್ಯಾಕ ಮಾರಿ ಸಣ್ಣ ಮಾಡ್ತೀರಿ ಅಂತ ಒಂದು ಡಬ್ಬಿ ಖರ್ಜೂರ ತಂದುಕೊಟ್ರು. ನೆನಸಿ, ರುಬ್ಬಿ, ಕಾಫ್ಯಾಗ ಕಲಸ್ರಿ, ಕುದರತ್ತಿನ ಸಿಹಿ, ದೇವರು ಕೊಟ್ಟದ್ದು ಅಂದ್ರು. ಡಾಕ್ಟರ್ ಬ್ಯಾಡ ಅಂದದ್ದು ನೆನಪಿತ್ತು. ಆದ್ರ ಅಷ್ಟು ಪ್ರೀತಿಲೆ ಕೊಟ್ಟಿದ್ದನ್ನ ಹೆಂಗ ಬ್ಯಾಡ ಅನ್ನೂದು? ಮನಿಗೆ ಒಯ್ದೆ.

ನಮ್ಮ ಮನೆಯಾಕಿ ಯಾವುದನ್ನೂ ಸ್ವಲ್ಪ ಮಾಡಾಕಿ ಅಲ್ಲ. ಡಬ್ಬಿ ಪೂರಾ ನೆನಸಿ ರುಬ್ಬಿ, ಕಾಫಿ ಡಿಕಾಕ್ಷನ್ ಅದರ ಮ್ಯಾಲ ಹಾಕಿ, ಹಾಲು ಹೊಯ್ದು ಕುದಿಸಿದ್ಳು. ಸೋಸಾಕ ಹೋದ್ರ ಜಾಳಗಿಯಿಂದ ಹನಿ ಕೆಳಗ ಬೀಳಲಿಲ್ಲ. ಲೋಟಕ್ಕ ಸುರುವಿದ್ರ ಚಮಚ ನೆಟ್ಟಗ ನಿಂತಿತು. ಕುಡಿಯೂದು ಹೆಂಗ ಅಂತ ನಾನು ಆಕಿ ಮಾರಿ ನೋಡಾಕತ್ತಿದ್ದೆ. ಅಷ್ಟರಾಗ ಎಂಬತ್ತರ ಹತ್ರ ಬಂದ ನಮ್ಮ ಅವ್ವ ಆ ಲೋಟ ತಗೊಂಡು, ಚಮಚಲೆ ಎತ್ತಿ ಎತ್ತಿ ತಿಂದು, ತಳ ಕೆರದು, ಇವತ್ತ ಯಾವ ಹಬ್ಬ ಅಂತ ಸೊಸಿನ್ನ ಕೇಳಿದ್ಳು. ಹಬ್ಬ ಇಲ್ಲ ಅತ್ತಿ, ಇದು ಇವರ ಕಾಫಿ ಅಂದ್ಳು ಈಕಿ.

"ಕಾಫಿನೋ? ಇರಲಿ, ಚಲೋ ಆಗೈತಿ," ಅಂದ್ಳು ಅವ್ವ, "ತುಪ್ಪ ಒಂದು ಕಡಿಮಿ ಬಿದ್ದೈತಿ."

೪. ಕುಡದು ಮುಗಿಸಿದ ಸನ್ಮಾನ

ಹಾವೇರಿಯಾಗ ನಮ್ಮ ಅಕ್ಕ ಅದಾಳ. ಬೀಜದ ಕೆಲಸಕ್ಕ ವಾರಕ್ಕೊಮ್ಮೆ ಹಾವೇರಿಗೆ ಹೋಗಾಂವ, ಹೋದಾಗ ಆಕಿ ಮನಿ ಕಾಫಿ ತಪ್ಪಿಸಾಂವಲ್ಲ. ನನ್ನ ಗೋಳು ಕೇಳಿ ಆಕಿ, ಸಿಹಿ ಬ್ಯಾಡಾನ ಬ್ಯಾಡ, ಏಲಕ್ಕಿ ಜಜ್ಜಿ ಹಾಕ್ತೀನಿ, ಘಮ ಬಂತಂದ್ರ ನಾಲಿಗಿ ತಾನ ಸಿಹಿ ಅಂತ ತಿಳಕೋತದ ಅಂದ್ಳು. ಖರೇನ, ಆ ಕಾಫಿ ಕುಡದಾಗ ಸಕ್ಕರಿ ನೆನಪಾಗ್ಲಿಲ್ಲ. ಇಷ್ಟು ದಿನದಾಗ ಇದೊಂದ ನನಗ ಹಿಡಿಸಿದ್ದು. ಏಲಕ್ಕಿ ಕೈಗೆ ಸಿಗಲಾರದಷ್ಟು ತುಟ್ಟಿ ಆಗಿರೂವಾಗ ಈಕಿ ಇಷ್ಟು ಧಾರಾಳ ಹಾಕ್ತಾಳಲ್ಲ, ಅಕ್ಕ ಅಂದ್ರ ಅಕ್ಕ ಅಂತ ಕುಡಕೋತ ಹೋದೆ.

ಅಕ್ಕನ ಗಂಡ, ನಮ್ಮ ಮಾಮಾ, ಬಸ್ ಡ್ರೈವರ್ ಆಗಿದ್ದು ರಿಟೈರ್ ಆದಾಂವ. ರಿಟೈರ್ ಆದ ದಿವಸ ಸಂಗಾತಿಗಳೆಲ್ಲ ಕೂಡಿ ಅವಂಗ ಹಾವೇರಿ ಏಲಕ್ಕಿ ಹಾರ ಹಾಕಿದ್ರು. ಹೊಟ್ಟಿತನಕ ಬರೂವಂಥ ಹಾರ, ಬಿಳೇ ಏಲಕ್ಕಿ, ಕೆಂಪು ರೇಶ್ಮಿ ಗೊಂಡೆ. ಜೀವನದಾಗ ಆದದ್ದು ಅದೊಂದ ಸನ್ಮಾನ. ಅದನ್ನ ಪಡಸಾಲ್ಯಾಗ ಗ್ವಾಡಿಗೆ ತೂಗು ಹಾಕಿದ್ದ. ಬಂದವರಿಗೆಲ್ಲ ದೂರಿಂದ ತೋರಿಸ್ತಿದ್ದ, ಮುಟ್ಟಾಕ ಕೊಡ್ತಿದ್ದಿಲ್ಲ.

ಒಂದು ದಿವಸ ನಾನು ಕಾಫಿ ಕುಡೀತಾ ಕುಂತಾಗ ಮಾಮಾನ ಹಳೇ ಗೆಳ್ಯಾ ಒಬ್ಬ ಬಂದ. ಮಾಮಾ ಅವತ್ತೊಂದಿನ ಖುಷಿಲೆ ಹಾರ ಕೆಳಗ ಇಳಿಸಿ ಅವನ ಕೈಯಾಗ ಇಡಾಕ ಹೋದ. ಮುಂದಿನ ಸಾಲು ಚಂದ ಇತ್ತು. ಗ್ವಾಡಿಗೆ ಹತ್ತಿದ ಹಿಂದಿನ ಬದಿ ಬರೇ ದಾರ ಜೋತಾಡ್ತಿತ್ತು. ಅಕ್ಕ ಸೆರಗಲೆ ಬಾಯಿ ಮುಚ್ಚಿಕೊಂಡು ಅಡಿಗಿ ಮನಿಗೆ ಸರದ್ಳು. ಮಾಮಾ ದಾರ ನೋಡಿದ, ನನ್ನ ಲೋಟ ನೋಡಿದ, ಒಮ್ಮೆ ಮೂಗು ಏರಿಸಿ ವಾಸನಿ ತಗೊಂಡ.

"ಮೂವತ್ತು ವರ್ಷ ಸ್ಟೇರಿಂಗ್ ಹಿಡದು ಗಳಿಸಿದ್ದು," ಅಂದ, "ಎರಡು ತಿಂಗಳದಾಗ ಕುಡದು ಮುಗಿಸಿದಿ."

೫. ಬಣ್ಣ

ಹಾವೇರಿ ದಾರಿ ಹಿಂಗ ಬಂದ್ ಆತು. ನಮ್ಮಾಕಿ ತವರು ಬ್ಯಾಡಗಿ, ಆಕಿ ಅಣ್ಣ ಮೆಣಸಿನಕಾಯಿ ವ್ಯಾಪಾರಿ. ಅವನ ಮನ್ಯಾಗ ಕಾಲಿಟ್ರ ಮೊದಲ ಸೀನಬೇಕು, ಆಮ್ಯಾಲ ನಮಸ್ಕಾರ ಮಾಡಬೇಕು. ಅಂವ ನನ್ನ ಸಂಬಂಧ ಅಂತ ಬೆಲ್ಲದ ಪುಡಿ ತರಿಸಿ ಇಟ್ಟಿದ್ದ. ಅಷ್ಟೊತ್ತಿಗೆ ನನಗೂ ತಡೀಲಾರದಂಗ ಆಗಿತ್ತು. ಬೆಲ್ಲ ಸಕ್ಕರಿ ಅಣ್ಣ ಅಂತ ಗೊತ್ತಿದ್ರೂ, ಒಂದು ದಿವಸಕ್ಕ ಏನಾಗ್ತದ ಅಂತ ಮನಸ್ಸು ಜಾರಿತು. ಡಾಕ್ಟರ್ ಏನು ಬ್ಯಾಡಗಿಗೆ ಬಂದು ನೋಡ್ತಾರೇನು?

ಅವನ ಹೆಂಡ್ತಿ ಮನ್ಯಾಗ ಇರಲಿಲ್ಲ, ಕಾಗಿನೆಲಿಗೆ ಹೋಗಿದ್ಳು. ತಾನ ಕಾಫಿ ಮಾಡ್ತೀನಿ ಕುಂದ್ರಿ ಅಂದ. ಗಿರಾಕಿಗಳಿಗೆ ತೋರಿಸೂ ಮೆಣಸಿನ ಪುಡಿ ಡಬ್ಬಿನೂ ಬೆಲ್ಲದ ಪುಡಿ ಡಬ್ಬಿನೂ ಬಗಲಾಬಗಲಿ ಇದ್ದು, ಎರಡೂ ಒಂದ ಥರದ ಸ್ಟೀಲ್ ಡಬ್ಬಿ. ಯಾವ ಡಬ್ಬಿಗೆ ಚಮಚ ಹಾಕಿದ್ನೋ ನಾನು ನೋಡಲಿಲ್ಲ. ಕಾಫಿ ಬಂತು, ಕೆಂಪಗ ಇತ್ತು. ಬೆಲ್ಲ ಚಲೋದು ಅದ ಅಂತ ತಿಳಕೊಂಡು ದೊಡ್ಡ ಗುಟುಕು ಎಳದೆ.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮಿ ಅಂತಾರಲ್ಲ, ಅಂದಾಂವ ಅದನ್ನ ಕಾಫ್ಯಾಗ ಕುಡದಾಂವಲ್ಲ. ಕಿವಿ ಬಿಸಿ ಆದ್ವು, ಕಣ್ಣಾಗ ನೀರು ಬಂತು, ಮಾತು ಹೊರಡಲಿಲ್ಲ. ಹೇಳಬೇಕು ಅಂತ ಕೈ ಎತ್ತಿ ನೋಡಿದ್ರ ಅಂವ ಆಗಲೇ ಅರ್ಧ ಲೋಟ ಮುಗಿಸಿದ್ದ. ರುಚಿ ಫರಕು ಆಗೈತಿ ಅಂತ ಅವಂಗೂ ಗೊತ್ತಾತು. ಎದ್ದು ಬಾಗಿಲಿಗೆ ಹೋಗಿ, ಲೋಟ ಬಿಸಲಿಗೆ ಹಿಡದು, ಹಿಂಗ ಹಂಗ ವಾಲಿಸಿದ.

"ಹೋಗ್ಲಿ ಬಿಡ್ರಿ," ಅಂದ, "ಬಣ್ಣ ಮಾತ್ರ ಹೆಂಗ ಬಿಟ್ಟೈತಿ ನೋಡ್ರಿ. ಹಳೇ ಮಾಲು ಇದ್ದಿದ್ರ ಹಿಂಗ ಬಿಡ್ತಿದ್ದಿಲ್ಲ."

೬. ತೂಕ

ಅಲ್ಲಿಗೆ ನನ್ನ ಹುಡುಕಾಟ ಮುಗೀತು. ಮನಿಗೆ ಬಂದು, ಇನ್ನ ಏನೂ ಹಾಕಬ್ಯಾಡ, ಬರೇ ಕಾಫಿ ಕೊಡು ಅಂತ ನಮ್ಮಾಕಿಗೆ ಹೇಳಿದೆ. ಮೊದಲ ಮೊದಲ ಕಷಾಯ ಕುಡದಂಗ ಆಗ್ತಿತ್ತು. ದಿನಾ ಅವ್ವನ ಮುಂದ ಕುಂತು, ಇದೇನು ಬಾಳೇವು, ಬಾಯಾಗ ಮಣ್ಣು ಹಾಕ್ಕೊಂಡಂಗ ಆಗ್ತದ ಅಂತ ಗೊಣಗ್ತಿದ್ದೆ. ಅವ್ವ ತನ್ನ ಚಾ ಕುಡಕೋತ ಸುಮ್ಮನ ಕೇಳ್ತಿದ್ಳು. ಹಂಗ ಹೋಗ್ತಾ ಹೋಗ್ತಾ ಒಂದು ದಿವಸ, ಹಾಲಿನೊಳಗ ತನ್ನದ ಒಂದು ಸಣ್ಣ ಸಿಹಿ ಐತಲ್ಲ ಅನಿಸ್ತು. ಇಷ್ಟು ವರ್ಷ ಅದನ್ನ ಸಕ್ಕರಿ ಒಳಗ ಹೂತುಬಿಟ್ಟಿದ್ದೆ.

ರಿಪೋರ್ಟಿನ ದಿವಸ ಡಾಕ್ಟರ್ ಮುಂದ ಹೋಗಿ ಕುಂತೆ. ಅವರು ಕನ್ನಡಕ ಸರಿಸಿ ನೋಡಿ, ಇಳದೈತಿ, ಗುಳಗಿ ಬ್ಯಾಡ, ಹಿಂಗ ನಡಸಿಕೊಂಡು ಹೋಗ್ರಿ ಅಂದ್ರು. ಮ್ಯಾಲಿಂದ ಒಂದು ಹೊರಿ ಇಳಿಸಿದಂಗ ಆತು. ಹೊರಗ ಬಂದು ಅಲ್ಲೇ ಬೆಂಚಿನ ಮ್ಯಾಲ ಕುಂತೆ. ನಮ್ಮಾಕಿಗೆ ಫೋನ್ ಮಾಡಿದ್ರ ಆಕಿ ಅತ್ತಬಿಟ್ಳು.

ಮನಿಗೆ ಬಂದ್ರ ಅವ್ವ, ಶನಿವಾರ ಕದರಮಂಡಲಗಿಗೆ ಹೋಗೂದೈತಿ ಅಂದ್ಳು. ಮಗನ ಕಾಯಿಲಿ ತಪ್ಪಿದ್ರ ಅವನ ತೂಕದಷ್ಟು ಬೆಲ್ಲ ತೂಗಿ ಕೊಡ್ತೀನಿ ಅಂತ ಹನುಮಪ್ಪಗ ಹರಕಿ ಹೊತ್ತಿದ್ಳಂತ. ಅಲ್ಲ ಅವ್ವಾ, ಬೇರೆ ಏನೂ ಸಿಗಲಿಲ್ಲೇನು ಅಂದೆ. ಯಾವುದರಿಂದ ತ್ರಾಸ ಆತೋ ಅದನ್ನ ದೇವರ ಕೈಯಾಗ ಕೊಟ್ಟು ಬರಬೇಕು ಅಂದ್ಳು.

ಬೆಲ್ಲದ ವ್ಯವಸ್ಥಾ ಬ್ಯಾಡಗಿ ಬೀಗ, ಅಂದ್ರ ನಮ್ಮಾಕಿ ಅಣ್ಣ, ನೋಡಿಕೊಂಡ. ಫೋನಿನಾಗ ನನ್ನ ತೂಕ ಕೇಳಿದಾಗ ನಾನು ಮೂರು ತಿಂಗಳ ಹಿಂದಿನದನ್ನ ಹೇಳಿದ್ದೆ. ಗುಡ್ಯಾಗ ತಕ್ಕಡಿ ಒಂದು ಪರಡಿಯಾಗ ಅಷ್ಟೂ ಬೆಲ್ಲ ಜೋಡಿಸಿದ್ರು, ಇನ್ನೊಂದರಾಗ ನಾನು ಕುಂತೆ. ಬೆಲ್ಲ ನೆಲ ಬಿಟ್ಟು ಏಳಲಿಲ್ಲ. ನಾನು ಮ್ಯಾಲ ಗಾಳ್ಯಾಗ ಕಾಲು ಇಳಿಬಿಟ್ಕೊಂಡು ಜೋತಾಡಾಕತ್ತಿದ್ದೆ. ಬೀಗ ತಕ್ಕಡಿ ಸುತ್ತ ಒಂದು ಸುತ್ತು ಬಂದು, ಬಜಾರದಾಗ ನಿಂತಂಗ ಪೂಜಾರಿಗೆ ಹೇಳಿದ, "ಮಾಲು ಒಣಗೈತ್ರಿ."

ಎರಡು ಪೆಂಟಿ ಬೆಲ್ಲ ತಗದ್ರ ಸಮ ಆಗ್ತದ ಅಂತ ಅಂವ ಕೈ ಹಾಕಿದ. ಅವ್ವ ಅವನ ಕೈ ಹಿಡದ್ಳು. ದೇವರಿಗೆ ಅಂತ ಇಟ್ಟದ್ದು ತಿರುಗಿ ತಗೀಬಾರದು ಅಂದ್ಳು. ಹಂಗಾದ್ರ ಈ ಕಡೆ ಭಾರ ಹಾಕಬೇಕಲ್ಲ ಅಂತ ಎಲ್ಲಾರೂ ವಿಚಾರ ಮಾಡ್ತಾ ನಿಂತ್ರು. ಅವ್ವ ವಿಚಾರ ಮಾಡಲಿಲ್ಲ. ನನ್ನ ಪರಡಿ ಕೆಳಗ ಜಗ್ಗಸಿ, ಸರಿ ಅತ್ತಾಗ ಅಂತ ನನ್ನ ಬಗಲಿಗೆ ಬಂದು ಕುಂತುಬಿಟ್ಳು. ನಮ್ಮ ಪರಡಿ ನೆಲಕ್ಕ ಕುಂತಿತು, ಬೆಲ್ಲ ಮ್ಯಾಲ ಹೋತು. ಈಗ ಬೆಲ್ಲ ಕಡಿಮಿ ಬಿತ್ತು ಅಂತ ಬೀಗ ಪ್ಯಾಟಿಗೆ ಓಡಿದ. ಅಂವ ಬರೂತನಕ ನಾವಿಬ್ಬರೂ ತಕ್ಕಡ್ಯಾಗ ಕುಂತಿದ್ವಿ.

ಪೂಜಾರಿ, ಹರಕಿ ಯಾರ ಹೆಸರಲೆ ಅಂತ ಹೇಳ್ರಿ ಅಂದ್ರು.

"ಇಬ್ಬರದೂ ಅನ್ರಿ," ಅಂದ್ಳು ಅವ್ವ. "ಅಂವ ಕಾಫ್ಯಾಗಿಂದು ಬಿಟ್ಟ. ನಾನು ಚಾದಾಗಿಂದು ಬಿಟ್ಟೆ."

ನನಗ ಮೊದಲ ತಿಳೀಲೇ ಇಲ್ಲ. ಆಮ್ಯಾಲ ತಿಳೀತು. ದಿನಾ ಮುಂಜಾನಿ ನಾನು ಆಕಿ ಮುಂದ ಕುಂತು ಬಾಯಿ ಹರಕೊಂಡಾಗ, ಆಕಿನೂ ಸಪ್ಪನ್ನ ಚಾ ಕುಡೀತಿದ್ಳು, ಒಂದು ಮಾತು ಆಡಿರಲಿಲ್ಲ. ಅವ್ವಾ, ನಿನಗ್ಯಾಕ ಬೇಕಿತ್ತು ಅಂತ ಕೇಳಿದೆ. ಆಕಿ ಕೈ ಹಿಡಕೊಂಡೆ. ಬರೇ ಚಾದಾಗಿನ ಸಕ್ಕರಿ ಅಷ್ಟ ಬಿಟ್ಟಿದ್ದೆ, ಉಳದ ಸಿಹಿ ಮಾತು ಹನುಮಪ್ಪನ ಜೋಡಿ ಆಡಿರಲಿಲ್ಲ ಅಂತ ಆಕಿ ನನ್ನನ್ನ ಸಮಾಧಾನ ಮಾಡಿದ್ಳು.

ಬೆಲ್ಲ ಬಂತು, ತಕ್ಕಡಿ ಸಮ ಆತು, ಮಂಗಳಾರತಿ ಆತು. ಪೂಜಾರಿ ನನ್ನ ಅಂಗೈಯಾಗ ಒಂದು ತುಣುಕು ಬೆಲ್ಲ ಇಟ್ರು, ಅವ್ವನ ಅಂಗೈಯಾಗ ಒಂದು ಇಟ್ರು. ದೇವರ ಪ್ರಸಾದ, ಮೂರು ತಿಂಗಳ ಮ್ಯಾಲ ಕೈಗೆ ಬಂದ ಸಿಹಿ, ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕ್ಕೊಳ್ಳಾಕ ಹೋದೆ. ಅವ್ವ ನನ್ನ ಅಂಗೈಯಾಗಿಂದು ಎತ್ತಿ ತನ್ನ ತುಣುಕಿನ ಜೋಡಿ ಸೇರಿಸಿ, ಎರಡೂ ಒಮ್ಮೆಲೆ ಬಾಯಿಗೆ ಹಾಕ್ಕೊಂಡ್ಳು. ಪೂಜಾರಿ ಬಾಯಿ ತಕ್ಕೊಂಡು ನೋಡಿದ್ರು.

"ನನ್ನ ಹರಕಿ ಮುಗೀತ್ರಿ," ಅಂದ್ಳು ಬೆಲ್ಲ ಚಪ್ಪರಿಸಿಕೋತ, "ಅವಂದು ಇನ್ನ ನಡದೈತಿ."