ಹರಳು ನೋಡುವ ಕಾಕಾ

ನಮ್ಮ ಕಾಕಾ ಮುಖ ನೋಡಿ ಯಾರ ಗುರುತನ್ನೂ ಹಿಡಿಯುವವನಲ್ಲ. ಬೆರಳು ನೋಡಿ ಹಿಡಿಯುತ್ತಾನೆ! "ಯಾರು ಬಂದಿದ್ರು ಕಾಕಾ?" ಎಂದರೆ, "ಅವನ ಬೇ, ಸೀಳಿದ ಹವಳದಾಂವ" ಎನ್ನುತ್ತಾನೆ. ಹೆಸರು ಬೇಕಾದರೆ ನೀವೇ ಅಣ್ಣಿಗೇರಿ ತುಂಬ ಬೆರಳು ಹುಡುಕಿಕೊಂಡು ಹೋಗಬೇಕು.

ಹರೆಯದಲ್ಲಿ ಒಂದು ವರ್ಷ ಹುಬ್ಬಳ್ಳಿಯ ಸರಾಫರೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದದ್ದೇ ಈ ಹುಚ್ಚಿಗೆ ಮೂಲ. ಅಲ್ಲಿಂದ ತಂದದ್ದು ಕಣ್ಣಿಗೆ ಒತ್ತಿಕೊಳ್ಳುವ ಒಂದು ಪುಟ್ಟ ಭೂತಗನ್ನಡಿ, ಮತ್ತೆ ನಾಲ್ಕು ಮಾತು: ಬಣ್ಣ, ನಿಚ್ಚಳ, ಕಟಿಂಗ್, ತೂಕ. ಅಲ್ಲಿಂದೀಚೆಗೆ ಹೊಲ ನೋಡಿದ್ದು ಅವನ ಹೆಂಡತಿ, ನಮ್ಮ ಕಾಕು; ಹರಳು ನೋಡಿದ್ದು ಕಾಕಾ!

ಬದನೆಕಾಯಿಗೂ ಬಿಡುಗಡೆಯಿಲ್ಲ. ಬಾಗಿಲ ಬೆಳಕಿಗೆ ಹಿಡಿದು, ತಿರುಗಿಸಿ, "ಬಣ್ಣ ಅಗದಿ ಒಂದನೇ ನಂಬರ್. ಒಳಗ ಮಾತ್ರ ಡೌಟ್ ಐತಿ" ಎನ್ನುತ್ತಾನೆ.

"ಹುಳಾ ಇದ್ರ ನಾ ತಗದ ಹಾಕ್ತೇನ್ರಿ. ಮೊದಲ ನಿಮ್ಮ ಕಣ್ಣ ತಗೀರಿ, ಒಲಿ ಮ್ಯಾಲೆ ಎಣ್ಣಿ ಕಾದೈತಿ!" ಎಂದು ಕಾಕು ಕಸಿದುಕೊಳ್ಳುತ್ತಾಳೆ.

ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಮಾಸ್ತರರೊಬ್ಬರು ಸಿಕ್ಕಿಬಿದ್ದರು. ಪಾಪ, ಗುರುಬಲ ಬಂದು ವರ್ಗಾವಣೆಯಾಗಲೆಂದು ಪುಷ್ಯರಾಗದ ಉಂಗುರ ಹಾಕಿದ್ದರು. "ಮಾಸ್ತರ, ಖರೇ ಹರಳಿನ್ಯಾಗ ಎಳಿ, ಚುಕ್ಕಿ ಏನರ ಇರತಾವ. ಇದರಾಗ ಬರೇ ದುಂಡನ್ನ ಗುಳ್ಳಿ ಅದಾವ. ಗಾಜರಿ ಇದು!"

"ಅಲ್ರಿ, ಬೇಕಾದ ಊರಿಗೇ ವರ್ಗ ಆತಲ್ರಿ?"

ಕಾಕಾ ಕ್ಷಣ ತಲೆ ಕೆರೆದುಕೊಂಡ. "ಹಂಗಾದ್ರ ಗುರುಗ್ರಹದ ಹಂತೇಕ ಭೂತಗನ್ನಡಿ ಇರಲಿಕ್ಕಿಲ್ಲ ಬಿಡ್ರಿ!"

ಇಂಥವನನ್ನು ನನ್ನ ನಿಶ್ಚಿತಾರ್ಥಕ್ಕೆ ಕೂರಿಸುವುದೆಂದರೆ ಏನು ಹುಡುಗಾಟವೇ? ಹಿಂದಿನ ಎರಡು ಸಂಬಂಧ ಹಾಳಾದದ್ದೇ ಇವನಿಂದ. ಒಬ್ಬ ಬೀಗರ ವಜ್ರಕ್ಕೆ "ಹಳದಿ ಬಡದೈತಿ" ಎಂದ, ಇನ್ನೊಬ್ಬರ ಪಚ್ಚೆಗೆ "ಕಟಿಂಗ್ ಸೊಟ್ಟ" ಎಂದ. ಅವರು ಎದ್ದೇ ಹೋದರು! ಆದರೆ ಬಮ್ಮಿಗಟ್ಟಿಯ ಈ ಹುಡುಗನನ್ನು ನಾನು ಮನಸಾರೆ ಮೆಚ್ಚಿದ್ದೆ. ಇದೂ ಮುರಿದರೆ ಗತಿಯೇನೆಂದು ಅಪ್ಪ ಬೆಳಿಗ್ಗೆಯೇ ಭೂತಗನ್ನಡಿಯನ್ನು ಜೋಳದ ಚೀಲದಲ್ಲಿ ಹುಗಿದಿಟ್ಟ.

ಹುಡುಗನ ತಾಯಿ ಬೆರಳಿನಿಂದ ಕೆಂಪು ಹರಳಿನ ಉಂಗುರ ಬಿಚ್ಚಿ ತಟ್ಟೆಯಲ್ಲಿಟ್ಟರು. ಕಾಕಾ ಅಂಗಿಯ ಕಿಸೆಯಿಂದ ಎರಡನೇ ಭೂತಗನ್ನಡಿ ತೆಗೆದ! ಅಪ್ಪ ಜೋಳದ ಚೀಲದ ಕಡೆ ನೋಡಿದ.

"ಗಾಜ!" ಎಂದುಬಿಟ್ಟ.

ಹುಡುಗನ ತಾಯಿ ಸೆರಗನ್ನು ಬಾಯಿಗೆ ಹಿಡಿದರು. "ನಮಗ ಗೊತ್ತಿರಲಿಲ್ರಿ. ಖರೇ ಕೆಂಪು, ಮಾಣಿಕ್ಯ ಅಂತನ ತಿಳಕೊಂಡಿದ್ವಿ."

ಕಾಕಾ ಉಂಗುರವನ್ನು ತಿರುಗಿಸಿ ನೋಡಿದ. ಅಂಗೈ ಕಡೆಯ ಬಂಗಾರ ಸವೆದು ದಾರದಷ್ಟಾಗಿತ್ತು.

"ಎಷ್ಟ ವರ್ಷ ಹಾಕ್ಕೊಂಡಿದ್ರಿ ಅಕ್ಕಾರ?"

"ನಮ್ಮತ್ತಿ ಸಾಯೂತನಕ ಹಾಕ್ಕೊಂಡಿದ್ರು. ಆಮ್ಯಾಲೆ ನಾನು. ಬಿಚ್ಚಿದ್ದ ಇವತ್ತರಿ. ಬಂಗಾರ ಅಂತ ಮನ್ಯಾಗ ಇದೊಂದ ಐತ್ರಿ. ಸೊಸಿಗೆ ಹಾಕೂಣಂತ ತಂದೆ."

ಕಾಕಾ ಭೂತಗನ್ನಡಿಯನ್ನು ಕಿಸೆಗೆ ಹಾಕಿದ. ಆಮೇಲೆ ನನ್ನ ಕಡೆ ತಿರುಗಿದ.

"ಕೆಂಪು ನಾ ಹುಬ್ಬಳ್ಳ್ಯಾಗ ರಗಡ ನೋಡೇನವ್ವಾ. ಇದ್ದದ್ದೊಂದನ್ನ ಬಿಚ್ಚಿ ಸೊಸಿಗೆ ಕೊಡೋ ಅತ್ತೀನ್ನ ಇವತ್ತ ನೋಡಿದೆ. ಚಾಚು ಬೆರಳ."

ಚಾಚಿದೆ. ಅತ್ತೆ ಉಂಗುರ ತೊಡಿಸಿದರು. ನನ್ನ ಕೈ ಅಲುಗದಿರಲೆಂದು ಕೆಳಗೆ ಹಿಡಿದಿದ್ದ ಕಾಕಾ ಬೆರಳು ನೋಡಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದ.