ಬಡವನಹಳ್ಳಿಗೆ ಬಂದ ಸಮುದ್ರ

ಸಮುದ್ರವನ್ನು ಮನೆಗೆ ತರುವುದು ಅಂಥ ಕಷ್ಟದ ಕೆಲಸವಲ್ಲ ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೆ. ಒಂದು ಗೋಣಿಚೀಲ ಇದ್ದರೆ ಸಾಕು!

ನಾನು ಬಡವನಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು. ಹೆಂಡತಿ ಸುಜಾತ ಪಾವಗಡದವಳು. ಬಂಡೆ, ಬಿಸಿಲು, ಮತ್ತೆ ಬಂಡೆ ನೋಡಿಕೊಂಡು ಬೆಳೆದ ಅವಳಿಗೆ ಒಂದೇ ಆಸೆ: ಸಮುದ್ರದಲ್ಲಿ ಕಾಲು ನೆನೆಸಬೇಕು. ಮದುವೆಯಾದ ಹೊಸತರಲ್ಲಿ “ಬರೋ ಬೇಸಿಗೆಗೆ ಖಂಡಿತ” ಎಂದಿದ್ದೆ. ಆಮೇಲೆ ಎಷ್ಟೋ ಬೇಸಿಗೆ ಬಂದುಹೋದವು. ನಮ್ಮ ಕಡೆ ಬೇಸಿಗೆಗೇನು ಕೊರತೆ!

ಈ ವರ್ಷ ಶಾಲೆಯ ಪ್ರವಾಸದ ಜೊತೆ ನಾನೊಬ್ಬನೇ ಮಲ್ಪೆಗೆ ಹೋದೆ. ಅಲೆ ಬಂದು ಪಾದ ತೊಳೆದು ಹಿಂದೆ ಸರಿಯುವಾಗ ಕಾಲಡಿಯ ಮರಳು ಮೆಲ್ಲಗೆ ಜಾರಿತು, ಕಣ್ಣು ತಾನಾಗಿ ಮುಚ್ಚಿತು. ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಮರುಕ್ಷಣ ಸುಜಾತಳ ಮುಖ, ಅವಳಿಗೆ ಕೊಟ್ಟ ಮಾತು ನೆನಪಾದವು. ಅದಕ್ಕೆ ಪ್ರಾಯಶ್ಚಿತ್ತವೆಂದು ಕಂಡ ಕಂಡ ಚಿಪ್ಪುಗಳನ್ನೆಲ್ಲ ಚೀಲಕ್ಕೆ ತುಂಬಿದೆ.

“ನೋಡು, ನಿನಗೆ ಸಮುದ್ರಾನೇ ತಂದಿದ್ದೀನಿ!” ಎಂದು ನಡುಮನೆಯಲ್ಲಿ ಸುರಿದೆ.

ಸುಜಾತ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಅಯ್ಯೋ ರಾಮ! ಸಮುದ್ರ ಇಂಗೆ ನಾರ್ತದೇನ್ರೀ?”

ಕುದಿಸಿದರೆ ನಾತ ಹೋಗುತ್ತದೆ ಎಂದು ಮೊಬೈಲಿನ ವಿಡಿಯೋ ಹೇಳಿತು. ಯಾವ ಪಾತ್ರೆಯಲ್ಲಿ ಎಂದು ಹೇಳಲಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ಕುದಿಸಿದೆ. ಅದು ಅವಳ ತವರಿನಿಂದ ಬಂದ ಹಾಲಿನ ಪಾತ್ರೆ! ವಾರವೆಲ್ಲ ಕಾಫಿಗೆ ಮೀನಿನ ವಾಸನೆ. ಬೀದಿಯ ಬೆಕ್ಕುಗಳು ನಮ್ಮ ಹಿತ್ತಿಲ ಗೋಡೆಯ ಮೇಲೆ ಸಭೆ ಸೇರಿದವು.

ನಾನು ಧೃತಿಗೆಡಲಿಲ್ಲ. ದೊಡ್ಡ ಚಿಪ್ಪನ್ನು ಸೋಪಿನ ಡಬ್ಬಿ ಮಾಡಿದೆ. ಸೋಪು ಅದರೊಳಗೇ ಕರಗಿ ಕೂತು ಈಚೆ ಬರಲು ಒಪ್ಪಲಿಲ್ಲ. ಮದುವೆ ಫೋಟೋದ ಸುತ್ತ ಸಾಲಾಗಿ ಚಿಪ್ಪು ಅಂಟಿಸಿದೆ. ಭಾರಕ್ಕೆ ಮೊಳೆ ಕಿತ್ತುಬಂದು ವಧೂವರರು ಸಶಬ್ದವಾಗಿ ಧರೆಗಿಳಿದರು!

“ಎಲ್ಲಾ ಆಚೆ ಬಿಸಾಕ್ಬುಡ್ರೀ. ನನ್ನ ಒಂದ್ಸಲ ಕರ್ಕೊಂಡೋಗಿ, ಸಾಕು” ಎಂದಳು.

“ಇನ್ನೊಂದೇ ಒಂದು ಮಾಡ್ತೀನಿ. ಅದಾದ್ಮೇಲೆ ಸಮುದ್ರಕ್ಕೆ ಹೋಗೋದೇ ಬೇಡ ಅಂತೀಯ!”

“ಆಗ್ಲಿ. ಅದೂ ಕೆಟ್ರೆ ಬಸ್ ಟಿಕೆಟ್ ತೆಗೀಬೇಕು. ಒಪ್ಪಿದ್ರಾ?”

ಒಪ್ಪಿದೆ. ಸೋಲುವ ಮಾತೇ ಇರಲಿಲ್ಲ.

ಉಳಿದ ಚಿಪ್ಪುಗಳಿಗೆಲ್ಲ ತೂತು ಕೊರೆದು, ದಾರಕ್ಕೆ ಪೋಣಿಸಿ, ಜಗಲಿಯ ತೊಲೆಗೆ ಗೊಂಚಲು ಕಟ್ಟಿದೆ. ಭಾನುವಾರ ಮಧ್ಯಾಹ್ನ ಗಾಳಿ ಬೀಸಿತು. ಗಲಗಲ, ಗಲಗಲ. ಅಂಗಳದಲ್ಲಿ ಸುಜಾತ ಹಾಕಿದ ಸಂಡಿಗೆ ಒಣಗುತ್ತಿತ್ತು. ನಾನು ಚಾಪೆಯ ಮೇಲೆ ಕಾಲು ಚಾಚಿದೆ. ಆಚೆ ಹೊಲದ ಮೇಲೆ ಬಿಸಿಲು ನೀರಿನಂತೆ ಅಲುಗುತ್ತಿತ್ತು, ಗುಡ್ಡಗಳು ದೂರದ ದ್ವೀಪಗಳಾದವು. ಕಣ್ಣು ಮುಚ್ಚಿದೆ. ನಾನೂ ಸುಜಾತಳೂ ಕೈ ಹಿಡಿದು ಮರಳಿನ ಮೇಲೆ ನಡೆಯುತ್ತಿದ್ದೆವು. ಬಿಳಿ ನೊರೆ ಉಕ್ಕಿ ಉಕ್ಕಿ ನಮ್ಮ ಕಡೆಗೇ ಬರುತ್ತಿತ್ತು. ಒಂದು ಅಲೆ ಬೆಚ್ಚಗೆ, ಒದ್ದೆಯಾಗಿ, ನನ್ನ ಅಂಗಾಲು ಸವರಿತು. ಆಹಾ! ಇನ್ನೊಂದು ಅಲೆ ಬಂತು. ಅದು “ಬ್ಯಾ” ಎಂದಿತು!

ಕಣ್ಣು ಬಿಟ್ಟರೆ ಅಂಗಳದ ತುಂಬ ಕುರಿ. ಸಂಡಿಗೆ ಆಗಲೇ ಖಾಲಿ. ಹಿಂದಿನಿಂದ ಕುರಿ ಕಾಯುವ ಚಿಕ್ಕಣ್ಣ ಏದುಸಿರು ಬಿಡುತ್ತ ಓಡಿಬಂದ.

“ಏನ್ ಮೇಷ್ಟ್ರೇ, ಜಾಲಿಕಾಯಿ ಕುಲುಕಿ ನನ್ ಕುರಿ ಕರೀತಿದ್ದೀರಾ?”

“ಇಲ್ಲ ಚಿಕ್ಕಣ್ಣ. ಇದು ಕಡಲಿನ ನಾದ.”

“ಯಾವ್ ಕಡ್ಲು ಸಾ! ಬ್ಯಾಸ್ಗೇಲಿ ಒಣಗಿದ ಜಾಲಿಕಾಯ್ನ ಮಂಕ್ರೀಲಿ ಕುಲುಕಿದ್ರೆ ಇಂಗೇ ಸದ್ದು ಬತ್ತದೆ. ಮೇವು ಅಂತ ಬಂದ್ಬುಟ್ಟವೆ!”

ಅಷ್ಟರಲ್ಲಿ ದೊಡ್ಡ ಟಗರೊಂದು ಮೇವು ಹುಡುಕುತ್ತ ಗೊಂಚಲಿಗೆ ಕೊಂಬು ಹಾಕಿತು. ದಾರ ಸಿಕ್ಕಿಕೊಂಡಿತು. ಬೆದರಿದ ಟಗರು ಗೊಂಚಲು ಸಮೇತ ಬೀದಿಗೆ ಓಡಿತು. ಗಲಗಲ ಸದ್ದು ಕೇಳಿ ಅದರ ಹಿಂದೆ ಹಿಂಡು, ಹಿಂಡಿನ ಹಿಂದೆ ಚಿಕ್ಕಣ್ಣ, ಚಿಕ್ಕಣ್ಣನ ಹಿಂದೆ ಪಂಚೆ ಎತ್ತಿ ಕಟ್ಟಿದ ಸಮಾಜ ಪಾಠದ ಮೇಷ್ಟ್ರು! ಮೆರವಣಿಗೆ ಬಸ್ ನಿಲ್ದಾಣದಲ್ಲಿ ನಿಂತಿತು. ನನ್ನ ವಿದ್ಯಾರ್ಥಿಗಳು ಅಲ್ಲಿ ಎದ್ದುನಿಂತು “ನಮಸ್ಕಾರ ಸಾರ್” ಎಂದರು.

ಗೊಂಚಲು ಬಿಡಿಸಿಕೊಂಡು ಮನೆಗೆ ಬಂದೆ. ಖಾಲಿ ಸಂಡಿಗೆ ಬಟ್ಟೆಯ ಪಕ್ಕ ಸುಜಾತ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಪಾವಗಡದ ತೆಲುಗು ತಾನಾಗಿ ಬಾಯಿಗೆ ಬಂದಿತ್ತು. “ಬಾಗುಂದಿ! ಚಾಲಾ ಬಾಗುಂದಿ! ಭಾಳ ಚೆನ್ನಾಗದೆ! ಟಿಕೆಟ್ ತೆಗೀರಿ.”

ಗೊಂಚಲನ್ನು ಮತ್ತೆ ಕಟ್ಟಿದೆ, ಹಟಕ್ಕೆ. ಮಾರನೆಯ ದಿನ ಕುರಿಗಳು ಬಂದು, ಮೂಸಿ, ಹೋದವು. ಅದರ ಮಾರನೆಯ ದಿನ ತಿರುಗಿಯೂ ನೋಡಲಿಲ್ಲ. ನನ್ನದು ಬರೀ ಸದ್ದು, ಮೇವಿಲ್ಲ ಎಂದು ಕುರಿಗಳಿಗೆ ಎರಡೇ ದಿನದಲ್ಲಿ ಗೊತ್ತಾಯಿತು. ಪಾಪ, ಸುಜಾತ ಇಷ್ಟು ವರ್ಷ ನಂಬಿದ್ದಳು.

ಟಿಕೆಟ್ ತೆಗೆದೆ. ಅವಳಿಗೊಂದು, ಅವಳ ತಂಗಿಗೊಂದು. “ನೀವು ನೋಡಿದ್ದೀರಲ್ಲ” ಎಂದು ಮನೆ ಕಾಯಲು ನನ್ನನ್ನು ಬಿಟ್ಟಳು.

ನಿನ್ನೆ ಸಂಜೆ ಮಲ್ಪೆಯಿಂದ ಫೋನ್ ಬಂತು. ಎತ್ತಿದೆ. ಬರೀ ಅಲೆಯ ಸದ್ದು. ಬರುತ್ತದೆ, ಒಡೆಯುತ್ತದೆ, ಸರಿಯುತ್ತದೆ. ಜಗಲಿಯ ಮೇಲೆ ಕಣ್ಣು ಮುಚ್ಚಿ, ಫೋನನ್ನು ಕಿವಿಗೊತ್ತಿ ಕೇಳಿದೆ. ಎಷ್ಟು ಹೊತ್ತೋ. ಪಕ್ಕದಲ್ಲಿ ಅವಳಿರಬೇಕಿತ್ತು ಎಂದು ತುಂಬ ಅನ್ನಿಸಿತು.

ಆಮೇಲೆ ಅವಳ ಧ್ವನಿ ಕೇಳಿತು. ಅಷ್ಟು ಸಂತೋಷದ ಧ್ವನಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

“ರೀ, ನಿಮಗೆ ಚಿಪ್ಪು ತರ್ಲಾ?”