ಡೇಟಾಬೇಸೂ ಕೋಸಂಬರಿಯೂ

ಇಂಥವೆಲ್ಲ ನನಗೇ ಯಾಕೆ ಗಂಟುಬೀಳುತ್ತವೋ ಕಾಣೆ. ಯಾವ ಕೆಲಸ ಯಾವಾಗ, ಯಾರು ಮಾಡಬೇಕು ಅಂತ ಲೆಕ್ಕ ಇಡೋ ಒಂದು ಸಾಫ್ಟ್‌ವೇರ್ ಇದೆ. ಅದರ ಡೇಟಾಬೇಸು 'ನಿಮಗೆ ಅನುಮತಿ ಇಲ್ಲ' ಅಂತ ಬಾಗಿಲು ಹಾಕಿಕೊಂಡಾಗ ಜನ ಫೋನ್ ಮಾಡೋದು ನನಗೆ. ಬಸವನಗುಡಿಯ ಮನೆಯಲ್ಲಿ ನಾನೊಬ್ಬಳೇ. ಅಮ್ಮ ಹೋದಮೇಲೆ ಇಲ್ಲಿ ಬಾಯಿ ಬಿಡೋದು ಕುಕ್ಕರ್ ಮಾತ್ರ. ಹಾಗಾಗಿ ಊರವರ ಎರರ್ ಅಂದ್ರೆ ನನಗೆ ಖುಷಿ, ಯಾರೋ ಮಾತಾಡ್ತಾರಲ್ಲ. ಎರರ್ ಹೋದ ತಕ್ಷಣ ಅವರೂ ಹೋಗ್ತಾರೆ. ಭಾನುವಾರವಂತೂ ಫೋನೇ ಇಲ್ಲ. ಆ ಒಂದು ದಿನ ತಳ್ಳೋದು ನನ್ನ ಕೈಲಾಗಲ್ಲ.

೧. ಹೊತ್ತು ನೋಡಿ ಕೈಕೊಡೋ ಸರ್ವರ್

ಕಟ್ಟಡ ಕಟ್ಟಿಸೋರ ಒಂದು ಆಫೀಸು. ದಿನಾ ಸ್ವಲ್ಪ ಹೊತ್ತು ಡೇಟಾಬೇಸ್ ಯಾರಿಗೂ ಸಿಗ್ತಿರಲಿಲ್ಲ. ಅದೂ ದಿನಕ್ಕೊಂದು ಹೊತ್ತು. ಶುಕ್ರವಾರ ಊಟಕ್ಕೆ ಮುಂಚೆ, ಮಂಗಳವಾರ ಕಾಫಿ ಹೊತ್ತಿಗೆ. ಕೇಬಲ್ ನೋಡಿದೆ, ಪಾಸ್‌ವರ್ಡ್ ಬದಲಾಯಿಸಿದೆ, ವೈರಸ್ ಹುಡುಕಿದೆ. ತಲೆ ಕೆಟ್ಟುಹೋಯ್ತು. ಒಂದು ಶುಕ್ರವಾರ ಅಲ್ಲೇ ಹೋಗಿ ಕೂತೆ.

ಹತ್ತೂವರೆಗೆ ಯಜಮಾನರು ಎದ್ದು, ಕ್ಯಾಬಿನ್ ಮೂಲೆಯಲ್ಲಿದ್ದ ಸರ್ವರಿನ ಸ್ವಿಚ್ ಆರಿಸಿ, ಮತ್ತೆ ಬಂದು ಕೂತರು. ರಾಹುಕಾಲದಲ್ಲಿ ಯಾರಾದ್ರೂ ಹೊಸ ಕೆಲಸದ ದಿನಾಂಕ ಹಾಕಿಬಿಟ್ರೆ ಏನು ಗತಿ ಅಂತ ನನ್ನನ್ನೇ ಕೇಳಿದರು. ಇದನ್ನ ಮೊದಲೇ ಹೇಳಬಾರದಿತ್ತಾ ಸಾರ್ ಅಂದೆ. ಇಷ್ಟೆಲ್ಲ ಓದಿದೋರು ಮನೇಲಿ ಒಂದು ಪಂಚಾಂಗ ಇಟ್ಟಿರಲ್ವಾ ಅಂತ ಅವರೇ ಬೇಜಾರು ಮಾಡಿಕೊಂಡರು.

೨. ಯಾರೋ ಒಳಗಿದ್ದಾರೆ

ಮಾಮೂಲ್‌ಪೇಟೆಯಲ್ಲಿ ಅಂಗಡಿ ಇಟ್ಟು ವೈರಿಂಗ್ ಕೆಲಸ ಹಿಡಿಯೋ ಒಬ್ಬ ವ್ಯಾಪಾರಿ. ಮನೆ ಚಾಮರಾಜಪೇಟೆ. ಒಂದು ಬೆಳಿಗ್ಗೆ ಮನೆಯಿಂದ ಲಾಗಿನ್ ಆದ್ರೆ 'ಬೇರೊಬ್ಬರು ಬಳಸುತ್ತಿದ್ದಾರೆ' ಅಂತ ಬಂತಂತೆ. ಪಾಲಾಗಿ ಬೇರೆ ಹೋದ ತಮ್ಮನೇ ಕಳ್ಳತನದಲ್ಲಿ ನುಗ್ಗಿದ್ದಾನೆ, ಒಳಗಿರೋರ ಹೆಸರು ನೋಡಿ ಹೇಳಿ, ಅವನನ್ನ ಬಿಡಲ್ಲ ಅಂತ ಕೂಗಾಡಿದರು. ನೋಡಿದೆ.

"ಸಾರ್, ಒಳಗಿರೋದು ನೀವೇ."

ಹಿಂದಿನ ದಿನ ಅಂಗಡಿಯ ಕಂಪ್ಯೂಟರ್ ಹಾಗೇ ಬಿಟ್ಟು ಶಟರ್ ಎಳೆದಿದ್ದರು. ಫೋನ್ ಇಡಬೇಡಿ ಅಂತ ಹೇಳಿ ಅಂಗಡಿಗೆ ನಡೆದರು. ಆಟೋ ಹಾರ್ನು, ಸೊಪ್ಪಿನವಳ ಕೂಗು, ಸಿಕ್ಕಸಿಕ್ಕವರನ್ನ ತಿಂಡಿ ಆಯ್ತಾ ಅಂತ ಇವರು ಕೇಳೋದು, ಎಲ್ಲ ನನಗೂ ಕೇಳಿಸ್ತಿತ್ತು. ನನ್ನನ್ನೂ ಕೇಳ್ತಾರೇನೋ ಅಂತ ಕಾದೆ. ಕೇಳಲಿಲ್ಲ. ಕಂಪ್ಯೂಟರ್ ಆರಿಸಿ, ಆದ್ರೂ ತಮ್ಮನ ಮೇಲೆ ಒಂದು ಕಣ್ಣಿಟ್ಟಿರಿ ಮೇಡಂ ಅಂತ ನನಗೆ ಒಪ್ಪಿಸಿ ಫೋನ್ ಇಟ್ಟರು.

೩. ನಿಮ್ಮ ಕೆಲಸ ಬಾಕಿ ಇದೆ

ಗಾಂಧಿ ಬಜಾರ್ ಹತ್ತಿರ ಮದುವೆ ಅಡುಗೆ ಕಂಟ್ರಾಕ್ಟ್ ಹಿಡಿಯೋ ಒಬ್ಬ ಯಜಮಾನಿ. ಕೆಲಸದವರು ಯಾರಿಗೂ ಡೇಟಾಬೇಸ್ ತೆರೀತಿಲ್ಲ ಅಂತ ಫೋನ್ ಮಾಡಿದರು. ಅವರ ಡೇಟಾಬೇಸಿನ ನಿಯಮ ಏನಪ್ಪಾ ಅಂದ್ರೆ, ಯಾವುದಾದ್ರೂ ಮದುವೆಯಲ್ಲಿ ಕೆಲಸ ಇರೋರಿಗೆ ಮಾತ್ರ ಒಳಗೆ ಪ್ರವೇಶ. ರಿಪೇರಿಗೆ ನಾನೂ ಒಳಗೆ ಹೋಗಬೇಕಲ್ಲ, ಯಾವುದಾದ್ರೂ ಒಂದು ಕೆಲಸಕ್ಕೆ ನನ್ನ ಹೆಸರು ಹಾಕಿ ಅಂದೆ. ಹಾಕಿದರು. ರಿಪೇರಿ ಆಯ್ತು, ಫೋನ್ ಇಟ್ಟರು. ಹೆಸರು ತೆಗೆಯೋದು ಇಬ್ಬರಿಗೂ ಮರೆತೇಹೋಯ್ತು.

ಭಾನುವಾರ ಬೆಳಿಗ್ಗೆ ಸಾಫ್ಟ್‌ವೇರೇ ಮೆಸೇಜ್ ಕಳಿಸ್ತು: 'ನಿಮ್ಮ ಕೆಲಸ: ಮೊದಲ ಪಂಕ್ತಿ, ಕೋಸಂಬರಿ ಬಡಿಸುವುದು. ದಯವಿಟ್ಟು ಸಮಯಕ್ಕೆ ಬನ್ನಿ.'

ನನ್ನನ್ನ 'ಬನ್ನಿ' ಅಂತ ಕರೆದು ಎಷ್ಟು ಕಾಲವಾಗಿತ್ತೋ. ಹೆಸರನ್ನ ಮನೆಯಿಂದಲೇ ಅಳಿಸಬಹುದಿತ್ತು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಛತ್ರಕ್ಕೆ ಹೋದೆ.

ನಾನು ಎರರ್ ಅಂತ ಬಾಯಿ ತೆಗೆಯೋ ಮುಂಚೆ ಬಡಿಸೋರ ಮೇಸ್ತ್ರಿ ಮೊಬೈಲಲ್ಲಿ ನನ್ನ ಹೆಸರು ನೋಡಿ, ಲೇಟಾಗಿ ಬಂದಿದ್ದಕ್ಕೆ ಗದರಿ, ಬಕೆಟ್ ಕೈಗೆ ಕೊಟ್ಟ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯ್ತು. ಗಂಡಿನ ಕಡೆಯವರು ನನ್ನನ್ನ ಹೆಣ್ಣಿನ ಸೋದರತ್ತೆ ಅಂದುಕೊಂಡರು, ಹೆಣ್ಣಿನ ಕಡೆಯವರು ಗಂಡಿನ ದೊಡ್ಡಮ್ಮ ಅಂದುಕೊಂಡರು. ಎರಡೂ ಕಡೆಯಿಂದ ಉಪಚಾರ. ಕೊನೆಗೆ ಬಡಿಸಿದೋರ ಜೊತೆ ಎಲೆ ಮುಂದೆ ಕೂತಾಗ, ಸಾಕು ಅಂದ್ರೂ ಬಿಡದೆ ಇನ್ನೊಂದು ಹೋಳಿಗೆ ಹಾಕಿದರು. ಹಾಗೆ ಬಲವಂತ ಮಾಡೋರಿಲ್ಲದೆ ನಾನು ಎಷ್ಟು ಸೊರಗಿದ್ದೆ ಅಂತ ಆಗಲೇ ಗೊತ್ತಾಗಿದ್ದು. ಕಣ್ಣಲ್ಲಿ ನೀರು ಬಂತು, ಸಾರು ಖಾರ ಅಂತ ಹೇಳಿದೆ.

ದನಿ ಗುರುತು ಹಿಡಿದು ಯಜಮಾನಿ ಓಡಿಬಂದರು.

"ಅಯ್ಯೋ ಮೇಡಂ, ನೀವಾ? ತಪ್ಪಾಯ್ತು, ನಿಮ್ಮ ಹೆಸರು ಈಗ್ಲೇ ತೆಗೆದುಬಿಡ್ತೀನಿ."

"ಈಗ್ಲೇ ಬೇಡ," ಅಂದೆ. "ಎರರ್ ಪೂರ್ತಿ ಹೋಗಿದೆಯೋ ಇಲ್ವೋ, ಇನ್ನೊಂದೆರಡು ಮುಹೂರ್ತ ನೋಡ್ಬೇಕು."

ಅವರು ನನ್ನ ಮುಖ ನೋಡಿ, ತೆಗೆದ ಮೊಬೈಲನ್ನ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಂದಿನ ಭಾನುವಾರ ಮೆಸೇಜ್ ಬಂದಾಗ ನೋಡ್ತೀನಿ, ನನಗೆ ಕೋಸಂಬರಿಯಿಂದ ಪಾಯಸಕ್ಕೆ ಬಡ್ತಿ ಸಿಕ್ಕಿತ್ತು.